ಕೊರಿಯಾದಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ: ಬಾಗಿಲು ಇದೆ, ಆದರೆ ಬಹಳ ಕಿರಿದು

‘ದಕ್ಷಿಣ ಕೊರಿಯಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಿ, ತಿಂಗಳಿಗೆ ಲಕ್ಷ ದಾಟುವ ಸಂಬಳ, ಮನೆ ಫ್ರೀ.’ ಇಂಥ ಮೆಸೇಜ್ ಮೊಬೈಲ್‌ಗೆ ಬಂದರೆ ಪೂರ್ತಿ ಸುಳ್ಳು ಅಂತ ತಳ್ಳಿಹಾಕುವಂತಿಲ್ಲ. ಅಲ್ಲಿನ ಸರ್ಕಾರ 1995ರಿಂದ ‘ಎಪಿಕ್’ ಯೋಜನೆಯಡಿ ವಿದೇಶಿ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಗೆ ಕರೆಸಿಕೊಳ್ಳುತ್ತಿದೆ. ಸಂಬಳ 20 ಲಕ್ಷ ವಾನ್ ಆಸುಪಾಸಿನಿಂದ ಶುರು, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಚಿಲ್ಲರೆ. ಇರೋಕೆ ಮನೆಯನ್ನೂ ಕೊಡ್ತಾರೆ. ಆದರೆ ಯಾರನ್ನು ಕರೀತಾರೆ ಅನ್ನೋದು ಮೆಸೇಜ್‌ನಲ್ಲಿ ಇರಲ್ಲ.

ಅಲ್ಲಿ ಇಂಗ್ಲಿಷ್ ಹುಚ್ಚು ಸಣ್ಣದಲ್ಲ. 1997ರಿಂದ ಮೂರನೇ ತರಗತಿಗೇ ಇಂಗ್ಲಿಷ್ ಪಾಠ. ಶಾಲೆ ಬಿಟ್ಟ ಮೇಲೆ ಮಕ್ಕಳು ‘ಹಾಗ್ವಾನ್’ ಅನ್ನೋ ಖಾಸಗಿ ಟ್ಯೂಷನ್‌ಗೆ ಹೋಗ್ತಾರೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಅಂತ ರಾಜಧಾನಿ ಸೋಲ್‌ನಲ್ಲಿ ನಿಯಮವನ್ನೇ ಮಾಡಬೇಕಾಯಿತು. ನವೆಂಬರ್‌ನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ; ಅದರಲ್ಲಿ ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗ ನಡೆಯುವಷ್ಟು ಹೊತ್ತು ವಿಮಾನಗಳೂ ಏರಲ್ಲ, ಇಳಿಯಲ್ಲ! 2023ರಲ್ಲಿ ಅಲ್ಲಿ ಹುಟ್ಟಿದ್ದು ಸುಮಾರು 2.3 ಲಕ್ಷ ಮಕ್ಕಳು ಮಾತ್ರ. ಅದೇ ವರ್ಷ ಎಲ್ಲ ವಿಷಯ ಸೇರಿ ಖಾಸಗಿ ಪಾಠಕ್ಕೆ ಪೋಷಕರು ಸುರಿದದ್ದು 27 ಲಕ್ಷ ಕೋಟಿ ವಾನ್. ಮಕ್ಕಳು ಕಡಿಮೆಯಾದರೂ ಖರ್ಚು ಇಳಿದಿಲ್ಲ.

ಇಷ್ಟು ಬೇಡಿಕೆ ಇದ್ದರೂ ಇಂಗ್ಲಿಷ್ ಕಲಿಸೋ ಇ-2 ವೀಸಾ ಕೊಡೋದು ಮುಖ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅಲ್ಲಿಯವರಿಗೆ ಯಾವುದೇ ವಿಷಯದಲ್ಲಿ ಡಿಗ್ರಿ ಇದ್ದರೆ ನಡೆಯುತ್ತೆ. ನಮ್ಮಲ್ಲಿ ಇಪ್ಪತ್ತು ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಗ್ರಾಮರ್ ತಿದ್ದಿದ ಮೇಷ್ಟ್ರು ಈ ಪಟ್ಟಿಯಲ್ಲಿ ಇಲ್ಲ. ಪಾಠ ಮಾಡೋ ಕೈಗಿಂತ ಪಾಸ್‌ಪೋರ್ಟ್ ಬಣ್ಣಕ್ಕೇ ಅಲ್ಲಿ ಬೆಲೆ ಜಾಸ್ತಿ ಅಂದರೆ ತಪ್ಪಾಗಲಾರದು.

ಭಾರತೀಯರಿಗೆ ಒಂದು ಸಂದು ಇದೆ. 2010ರ ಜನವರಿ 1ರಿಂದ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ, ಡಿಗ್ರಿ ಜೊತೆ ಇಂಗ್ಲಿಷ್ ಶಿಕ್ಷಕರ ಅರ್ಹತೆಯೂ ಇದ್ದವರು ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಲು ಅವಕಾಶವಿದೆ. ಟ್ಯೂಷನ್ ಸೆಂಟರ್‌ಗಳಿಗೆ ಇದು ಅನ್ವಯಿಸಲ್ಲ. ಅಂದರೆ ಬಿ.ಎಡ್. ಮಾಡಿದವರಿಗೆ ಕೇಳಿ ನೋಡುವಷ್ಟು ದಾರಿ ಉಂಟು. ಪಿಯುಸಿ ಆದವರಿಗೆ, ಡಿಗ್ರಿ ಅರ್ಧಕ್ಕೆ ಬಿಟ್ಟವರಿಗೆ, ಮೂರು ವಾರದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದವರಿಗೆ ಇಲ್ಲ.

‘ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲೇ ಬದಲಾಯಿಸೋಣ’ ಅನ್ನೋ ಏಜೆಂಟ್ ಮಾತಿಗೆ ಸೈಟು ಮಾರಿ ದುಡ್ಡು ಕಟ್ಟುವ ಮುಂಚೆ ಯೋಚಿಸಬೇಕು. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಹೊರಟ ಭಾರತೀಯ ಹುಡುಗರು 2022ರಲ್ಲಿ ಮ್ಯಾನ್ಮಾರ್‌ನ ಸೈಬರ್ ವಂಚಕರ ಅಡ್ಡೆ ಸೇರಿದ್ದು ಹೀಗೇ. ವಿದೇಶಕ್ಕೆ ಕೆಲಸಕ್ಕೆ ಕಳಿಸೋ ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಲೇಬೇಕು. ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಸೇವಾ ಶುಲ್ಕ ಅಂತ ಅವರು ತಗೊಳ್ಳಬಹುದಾದ್ದು ಹೆಚ್ಚೆಂದರೆ 30 ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು.