ಬ್ಯಾಡರಹಳ್ಳಿಯಿಂದ ಬಜ್ಪೆಗೆ ಎಷ್ಟು ದೂರ?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ಹಾದಿಯೆಂದು ಕೇಳಿದರೆ, ‘ಒಂದೇ ಗಂಟೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ. ಆದರೆ ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿಯುವ ಕಾಲವೇ ಹೊರತು, ಮನೆಯಿಂದ ಹೊರಟವನ ಕಾಲವಲ್ಲ. ಈ ಭೇದವನ್ನು ಮರೆತು ನಗರದ ಯೋಜನೆಗಳನ್ನು ಹೂಡುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಮೊದಲು ಆಕಾಶದ ಲೆಕ್ಕವನ್ನು ನೋಡೋಣ. ಭೂಮಿಯ ಮೇಲಿನ ಎರಡು ಸ್ಥಳಗಳ ನಡುವಣ ಅತಿ ಹ್ರಸ್ವವಾದ ದಾರಿಯೆಂದರೆ ಮಹಾವೃತ್ತದ ಕಂಸ. ದೇವನಹಳ್ಳಿಯ ಬಳಿಯ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಈ ಕಂಸದ ಉದ್ದ ಸುಮಾರು 306 ಕಿಲೋಮೀಟರು. ದಿಲ್ಲಿಗೆ ಸುಮಾರು 1,700. ವೇಳಾಪಟ್ಟಿಯಲ್ಲಿ ಮೊದಲನೆಯದಕ್ಕೆ 65 ನಿಮಿಷ, ಎರಡನೆಯದಕ್ಕೆ 165 ನಿಮಿಷದ ಆಸುಪಾಸು. ದೂರ ಐದೂವರೆ ಪಟ್ಟಾದರೂ ಕಾಲ ಎರಡೂವರೆ ಪಟ್ಟು ಮಾತ್ರ! ಹೆಚ್ಚಿನ 1,394 ಕಿಲೋಮೀಟರುಗಳಿಗೆ 100 ನಿಮಿಷವೆಂದರೆ ವೇಗ ಗಂಟೆಗೆ ಸುಮಾರು 836 ಕಿಲೋಮೀಟರು. ಆ ವೇಗದಲ್ಲಿ ಮಂಗಳೂರಿಗೆ 22 ನಿಮಿಷ ಸಾಕು. ಉಳಿದ 43 ನಿಮಿಷ ರನ್‌ವೇಯ ತುದಿಗೆ ಉರುಳಿಹೋಗುವುದರಲ್ಲಿ, ಮೇಲೇರುವುದರಲ್ಲಿ, ಇಳಿಯುವ ಸರದಿಗಾಗಿ ಬಳಸಿ ಬರುವುದರಲ್ಲಿ ಕಳೆಯುತ್ತದೆ. ಹತ್ತಿರದ ಊರಿಗೂ ದೂರದ ಊರಿಗೂ ಈ ಸುಂಕ ಹೆಚ್ಚುಕಡಮೆ ಒಂದೇ. (ಗಾಳಿಯ ಪ್ರಭಾವವನ್ನು ಇಲ್ಲಿ ಬಿಟ್ಟಿದ್ದೇವೆ.)

ಇನ್ನು ನೆಲದ ಲೆಕ್ಕ. ಮಾಗಡಿ ರಸ್ತೆಯ ಬ್ಯಾಡರಹಳ್ಳಿ ಬೆಂಗಳೂರಿನ ಪಡುವಣ ಅಂಚಿನಲ್ಲಿದೆ. ಅಲ್ಲಿಂದ ಬಜ್ಪೆ ನೇರ ಪಶ್ಚಿಮಕ್ಕೆ, ಸುಮಾರು 280 ಕಿಲೋಮೀಟರು. ಆದರೆ ಪ್ರಯಾಣಿಕನು ಮೊದಲು ಹೋಗಬೇಕಾದುದು ಈಶಾನ್ಯಕ್ಕೆ! ನಿಲ್ದಾಣ ನೇರ ಗೆರೆಯಲ್ಲಿ 33 ಕಿಲೋಮೀಟರು. ರಸ್ತೆಯಲ್ಲಿ ನಲವತ್ತನ್ನು ಮೀರುತ್ತದೆ. ವಾಹನದಟ್ಟಣೆಯ ಹೊತ್ತಿನಲ್ಲಿ ಇದಕ್ಕೆ ಎರಡು ಗಂಟೆ, ತಪಾಸಣೆಗೂ ಕಾಯುವುದಕ್ಕೂ ಒಂದೂವರೆ, ಹಾರಾಟಕ್ಕೆ 65 ನಿಮಿಷ, ಇಳಿದು ಸಾಮಾನು ಪಡೆಯಲು 25 ನಿಮಿಷ. ಒಟ್ಟು ಐದು ಗಂಟೆ. ಜೆಟ್ ವಿಮಾನದ ಪ್ರಯಾಣಿಕನು ಕೊನೆಗೆ ಗಳಿಸಿದ ವೇಗ ಗಂಟೆಗೆ 56 ಕಿಲೋಮೀಟರು. ವಿಮಾನದ ವೇಗವನ್ನು ಇಮ್ಮಡಿ ಮಾಡಿದರೂ ಅವನಿಗೆ ಉಳಿಯುವುದು 11 ನಿಮಿಷ.

ಈ ಲೆಕ್ಕ ಬರಿಯ ವಿನೋದಕ್ಕಲ್ಲ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ತೆರೆಯಿತು. ಅದರ ಒಪ್ಪಂದದಂತೆ 25 ವರ್ಷಗಳ ಕಾಲ 150 ಕಿಲೋಮೀಟರುಗಳ ವಾಯುದೂರದೊಳಗೆ ಹೊಸ ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಆ ಅವಧಿಯ ಮುಂದಿನ ದಿನಗಳಿಗಾಗಿ 2025ರಲ್ಲಿ ಕನಕಪುರ ರಸ್ತೆಯ ಕಡೆಯ ಸ್ಥಳಗಳೂ ನೆಲಮಂಗಲ–ಕುಣಿಗಲ್ ರಸ್ತೆಯ ಕಡೆಯ ಸ್ಥಳವೂ ಪರಿಶೀಲನೆಗೆ ಬಂದವು. ಕುಣಿಗಲ್ ರಸ್ತೆಯ ಸ್ಥಳ ಬ್ಯಾಡರಹಳ್ಳಿಯವರಿಗೆ ಲೇಸು, ವೈಟ್‌ಫೀಲ್ಡಿನವರಿಗೆ ಅಲ್ಲ. ಒಪ್ಪಂದವನ್ನು ಅಳೆದುದು ಹಕ್ಕಿಯ ದಾರಿಯಲ್ಲಿ. ಜನ ಅಳೆಯುವುದು ಗಡಿಯಾರದಲ್ಲಿ. ಆದುದರಿಂದ ಪ್ರತಿಯೊಂದು ಬಡಾವಣೆಯಿಂದಲೂ ಬೆಳಿಗ್ಗೆ, ಸಂಜೆ, ನಡುರಾತ್ರಿ ಎಷ್ಟೆಷ್ಟು ನಿಮಿಷವೆಂಬ ನಕ್ಷೆಯನ್ನು ಮೊದಲು ಸಿದ್ಧಪಡಿಸಿ ಪ್ರಕಟಿಸಬೇಕು. ಹೊಲಗದ್ದೆಗಳನ್ನು ಬಿಟ್ಟುಕೊಡಬೇಕಾದ ರೈತರಿಗೂ ಆ ನಕ್ಷೆಯನ್ನು ಕಾಣುವ ಹಕ್ಕುಂಟು.

ನಿಲ್ದಾಣಕ್ಕಿಂತ ಮೊದಲು ದಾರಿ ಆಗಲಿ ಎಂದೂ ನಾವು ಹೇಳುತ್ತೇವೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಹೊಸಹಳ್ಳಿ–ಕಡಬಗೆರೆ ಮೆಟ್ರೋ ಮಾರ್ಗ ಮಾಗಡಿ ರಸ್ತೆಯುದ್ದಕ್ಕೂ ಕೇವಲ 12.5 ಕಿಲೋಮೀಟರು. ಮೇಲೆ ಹೇಳಿದ 11 ನಿಮಿಷಗಳಿಗಿಂತ ಹೆಚ್ಚನ್ನು ಅದು ಉಳಿಸಿಕೊಟ್ಟರೆ ನಮಗೆ ಆಶ್ಚರ್ಯವಾಗದು.