‘ಮನೇಲೇ ಇರ್ತಾರೆ’ ಅಂದರೆ ಏನರ್ಥ?

ಸಮಾಜಶಾಸ್ತ್ರದ ತರಗತಿಯಲ್ಲಿ ಸಮೀಕ್ಷೆ, ಪ್ರಶ್ನಾವಳಿ, ಮಾದರಿ ಎಂದೆಲ್ಲ ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಆ ಪ್ರಶ್ನೆಯನ್ನು ಬರೆದವರು ಯಾರು, ಯಾವ ಊರಿನ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು ಎಂದು ಯಾರೂ ಕೇಳುವುದಿಲ್ಲ. ಗೆಳೆಯರೇ, ನನಗಂತೂ ಅದೇ ಮೊದಲು ಕೇಳಬೇಕಾದದ್ದು ಅನ್ನಿಸುತ್ತದೆ.

ಅನೇಕ ದೇಶಗಳ ಜನರಿಗೆ ಒಂದೇ ಪ್ರಶ್ನೆ ಕೇಳಿ ಹೋಲಿಸುವ ದೊಡ್ಡ ಸಮೀಕ್ಷೆಗಳಿವೆ. 1981ರಲ್ಲಿ ಶುರುವಾದ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯಲ್ಲಿ ಭಾರತವೂ ಹಲವು ಸುತ್ತು ಸೇರಿದೆ. ಇಂಟರ್‌ನ್ಯಾಷನಲ್ ಸೋಷಿಯಲ್ ಸರ್ವೆ ಪ್ರೋಗ್ರಾಂ ಎಂಬ ಇನ್ನೊಂದು 1989, 1997, 2005 ಮತ್ತು 2015ರಲ್ಲಿ ದುಡಿಮೆಯ ಬಗ್ಗೆಯೇ ಪ್ರಶ್ನೆ ಕೇಳಿತು. ಅದರಲ್ಲೊಂದು ಹೀಗಿದೆ: ಹಣದ ಅಗತ್ಯ ಇಲ್ಲದಿದ್ದರೂ ಸಂಬಳದ ಕೆಲಸ ಮಾಡಲು ನಿಮಗೆ ಇಷ್ಟವೇ? ಬೆಳಿಗ್ಗೆ ಮಡಿವಾಳದಿಂದ ಬೊಮ್ಮನಹಳ್ಳಿ ಕಡೆಗೆ ಗಾರ್ಮೆಂಟ್ಸ್‌ಗೆ ಓಡುವ ಅಕ್ಕಂದಿರನ್ನು ನಿಲ್ಲಿಸಿ ಇದನ್ನು ಕೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ ಕೇಳಿದವರಿಗೆ ಬೇಜಾರಾಗಬಾರದೆಂದು ‘ಹೌದು’ ಅನ್ನುತ್ತಾರೆ. ಮನೆಗೆ ಬಂದವರ ಮಾತಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಸುಲಭವಲ್ಲ. ಆ ‘ಹೌದು’ ಯಾವ ಅಂಕಿಗೆ ಸೇರುತ್ತದೋ!

ಕೆಲಸದ ಭದ್ರತೆ ಎಂಬ ಮಾತನ್ನೇ ತೆಗೆದುಕೊಳ್ಳಿ. ಜರ್ಮನಿಯಂಥ ದೇಶದಲ್ಲಿ ಅದರರ್ಥ ಇದ್ದ ಕೆಲಸ ಹೋಗದಿರುವುದು. ನಮ್ಮ ಹೊಸೂರು ರಸ್ತೆಯಲ್ಲಿ? 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ರಸ್ತೆಗೆ ಇಳಿದರು. ಕೂಲಿ ಹೆಚ್ಚಿಸಿ ಎಂದಲ್ಲ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ. ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅವರಿಗೆ ಭದ್ರತೆ ಎಂದರೆ ಕೆಲಸ ಬಿಟ್ಟಾಗ ಕೈಗೆ ಸಿಗುವ ದುಡ್ಡು: ಮಗಳ ಫೀಸು, ಬಾಡಿಗೆ ಮನೆಯ ಅಡ್ವಾನ್ಸು. ‘ಕೆಲಸದಲ್ಲಿ ಭದ್ರತೆ ಇದೆಯೇ’ ಎಂಬ ಸಾಲನ್ನು ಪದಕ್ಕೆ ಪದ ಕನ್ನಡ ಮಾಡಿದರೆ ಈ ಅರ್ಥ ಬರುವುದೇ ಇಲ್ಲ. 2002ರಿಂದ ನಡೆಯುತ್ತಿರುವ ಯುರೋಪಿಯನ್ ಸೋಷಿಯಲ್ ಸರ್ವೆಯಲ್ಲಿ ಒಬ್ಬರೇ ಅನುವಾದ ಮಾಡುವುದಿಲ್ಲ. ಇಬ್ಬರು ಬೇರೆಬೇರೆಯಾಗಿ ಮಾಡಿ, ಕೂತು ಚರ್ಚಿಸಿ, ಜನರ ಮೇಲೆ ಪ್ರಯೋಗಿಸಿ ನೋಡುವ ಕ್ರಮವಿದೆ. ಅಷ್ಟು ಶ್ರಮ ಕನ್ನಡಕ್ಕೂ ಬೇಕು, ನಮ್ಮ ಮನೆಯ ದಖ್ಖನಿಗೂ ಬೇಕು.

ಇನ್ನು ‘ಕೆಲಸ’ ಎಂಬ ಪದ. ನಮ್ಮ ಗಲ್ಲಿಯ ಒಬ್ಬ ಖಾಲಾ ಮಧ್ಯಾಹ್ನದಿಂದ ರಾತ್ರಿವರೆಗೆ ಮಣೆ ಮುಂದೆ ಕೂತು ಅಗರಬತ್ತಿ ಹೊಸೆಯುತ್ತಾರೆ. ಸಾವಿರ ಕಡ್ಡಿಗೆ ಇಷ್ಟು ಎಂದು ಲೆಕ್ಕ. ‘ಕಾಮ್ ಕೂ ಜಾತೆ ಕ್ಯಾ ಖಾಲಾ?’ ಎಂದರೆ ‘ನೈ ಬಾ, ಘರ್‌ಮೇಚ್ ರಹ್ತೂಂ’ ಅನ್ನುತ್ತಾರೆ. ಮಗನನ್ನು ಕೇಳಿದರೂ ಅದೇ, ‘ಅಮ್ಮಿ ಮನೇಲೇ ಇರ್ತಾರೆ.’ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನದಲ್ಲಿ ಒಂದು ಗಂಟೆ ದುಡಿದರೂ ಉದ್ಯೋಗಿ. ಆ ಪ್ರಕಾರ ಖಾಲಾ ಖಂಡಿತ ಉದ್ಯೋಗಿ. ಆದರೆ ಉತ್ತರ ಹೀಗೆ ಬಂದರೆ ಗೃಹಕೃತ್ಯದ 92ನೇ ಸಂಕೇತದಲ್ಲಿ ಸೇರಿಹೋಗುತ್ತಾರೆ. ನಿಯಮ ಸರಿಯಾಗಿದೆ, ಪ್ರಶ್ನೆ ಸರಿಯಾಗಿಲ್ಲ. ಲೆಕ್ಕಕ್ಕೆ ಬಾರದವರಿಗೆ ಕನಿಷ್ಠ ಕೂಲಿ ಯಾರು ಕೊಡಿಸುತ್ತಾರೆ, ಇಎಸ್‌ಐ ಕಾರ್ಡ್ ಯಾರು ಮಾಡಿಸುತ್ತಾರೆ?

ಕೂಲಿಯಿಲ್ಲದ ಮನೆಗೆಲಸದ ಮಾತು ಬೇರೆಯೇ ಇದೆ. 2019ರ ಟೈಮ್ ಯೂಸ್ ಸರ್ವೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ. (ನಮ್ಮ ಹುಡುಗರು ಈ 97ನ್ನು ನೋಡಿ ಬೀಗಬೇಡಿ. ಮನೆಗೆಲಸಕ್ಕೆ ಕೈಹಾಕುವ ಗಂಡಸರೇ ನೂರಕ್ಕೆ 26.)

ಪ್ರಶ್ನೆ ಕೇಳುವ ರೀತಿಯನ್ನೇ ಪರೀಕ್ಷಿಸಲು ನಮ್ಮ ರಾಜ್ಯದಲ್ಲೇ ಒಂದು ಪ್ರಯತ್ನ ನಡೆದಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಬೆಂಗಳೂರು ಐಐಎಂ ಮತ್ತು ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯ ಸೇರಿ 2020ರಲ್ಲಿ ಕರ್ನಾಟಕ, ರಾಜಸ್ಥಾನಗಳಲ್ಲಿ ಇಂಡಿಯಾ ವರ್ಕಿಂಗ್ ಸರ್ವೆ ಮಾಡಿದವು. ಹೆಂಗಸನ್ನೇ ಕೇಳಿದರೆ ಏನಾಗುತ್ತದೆ, ಅವಳ ಬದಲು ಮನೆಯವರನ್ನು ಕೇಳಿದರೆ ಏನಾಗುತ್ತದೆ, ಒಂದೇ ಪ್ರಶ್ನೆಯ ಬದಲು ಕೆಲಸಗಳ ಪಟ್ಟಿ ಓದಿದರೆ ಏನಾಗುತ್ತದೆ ಎಂದು ನೋಡುವುದು ಅದರ ಒಂದು ಉದ್ದೇಶ. ಲಾಕ್‌ಡೌನ್ ಬಂದು ನಡುವೆಯೇ ನಿಲ್ಲಿಸಬೇಕಾಯಿತು.

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಅಷ್ಟು ಪ್ರಶ್ನೆ ಹೊತ್ತು ಮನೆಮನೆ ಸುತ್ತಿದ ಶಿಕ್ಷಕರ ಕಷ್ಟ ದೊಡ್ಡದು. ನಾವು ಅಷ್ಟು ದೊಡ್ಡದು ಮಾಡಬೇಕಿಲ್ಲ. ಈ ವರ್ಷದ ಪ್ರಾಜೆಕ್ಟ್‌ಗೆ ಇಂಟರ್‌ನೆಟ್‌ನಿಂದ ಪ್ರಶ್ನಾವಳಿ ಇಳಿಸಿಕೊಳ್ಳುವ ಬದಲು ಆರು ಪ್ರಶ್ನೆ ನಾವೇ ಬರೆಯೋಣ, ಕನ್ನಡದಲ್ಲೂ ದಖ್ಖನಿಯಲ್ಲೂ. ಹುಡುಗಿಯರು ಹೋದರೆ ಖಾಲಾಗಳು ಒಳಗೆ ಕರೆದು ಮಾತಾಡುತ್ತಾರೆ, ಹುಡುಗರು ಮಡಿವಾಳ ಮಾರ್ಕೆಟ್ಟಿನ ತರಕಾರಿ ಅಂಗಡಿಗಳನ್ನು ನೋಡಿಕೊಳ್ಳಲಿ. ಮೊದಲ ಪ್ರಶ್ನೆ ‘ಕೆಲಸಕ್ಕೆ ಹೋಗ್ತೀರಾ’ ಆಗಿರುವುದು ಬೇಡ. ‘ನಿನ್ನೆ ಫಜರ್‌ನಿಂದ ಮಲಗುವವರೆಗೆ ಏನೇನು ಮಾಡಿದಿರಿ, ಯಾವುದಕ್ಕೆ ದುಡ್ಡು ಬಂತು?’ ಎಂದು ಕೇಳೋಣ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳೋಣ.