ಆಲ್ಟರ್ನೇಟರ್ ಹೊಸದು, ವೈರ್ ಮಾತ್ರ ತಾತನ ಕಾಲದ್ದು

ಶೆಡ್ಡಿನಲ್ಲಿ ಧೂಳು ಹಿಡಿದು ನಿಂತ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಮತ್ತೆ ರಸ್ತೆಗೆ ಇಳಿಸಬೇಕು ಅನ್ನೋ ಆಸೆ ನಮ್ಮಲ್ಲಿ ಬಹಳ ಜನಕ್ಕಿದೆ. ಹಾಗೆ ಇಳಿಸುವವರು ಮೊದಲು ಕೈ ಹಾಕೋ ಕೆಲಸಗಳಲ್ಲಿ ಒಂದು, ಹಳೇ ಡೈನಮೋ ಕಿತ್ತು ಆಲ್ಟರ್ನೇಟರ್ ಕೂರಿಸೋದು. ಒಳ್ಳೇ ಕೆಲಸವೇ. ಐಡಲ್‌ನಲ್ಲಿ ಡೈನಮೋ ಏನೂ ಕೊಡಲ್ಲ ಅಂದ್ರೂ ತಪ್ಪಿಲ್ಲ. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಹೆಡ್‌ಲೈಟ್ ಮಂಕಾಗುತ್ತೆ. ನಮ್ಮ ತಕರಾರು ಬೇರೆ. ಬ್ರಾಕೆಟ್ಟು, ಪುಲ್ಲಿ, ಬೆಲ್ಟು ಅಂತ ಎರಡು ದಿನ ತಲೆ ಕೆಡಿಸಿಕೊಳ್ಳೋ ನಾವು, ವೈರಿಂಗ್ ವಿಷಯ ಬಂದಾಗ "ಹಳೇ ವೈರಿಗೇ ಜಾಯಿಂಟ್ ಹೊಡಿ, ಸಾಕು" ಅಂತ ಹತ್ತೇ ನಿಮಿಷದಲ್ಲಿ ಮುಗಿಸಿಬಿಡ್ತೀವಿ. ಇದು ನಿಲ್ಲಬೇಕು.

ಲೆಕ್ಕ ಫಸ್ಟ್ ಇಯರ್‌ನದ್ದೇ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಲ್ಯೂಕಾಸ್ ಸಿ40/1 ಡೈನಮೋ ಕೊಡ್ತಿದ್ದದ್ದು ಹೆಚ್ಚೆಂದರೆ 22 ಆಂಪಿಯರ್. ಅದರ ಜಾಗಕ್ಕೆ 45 ಆಂಪಿಯರ್ ಆಲ್ಟರ್ನೇಟರ್ ಬಂತು ಅಂತಿಟ್ಟುಕೊಳ್ಳಿ. ವೈರ್ 2.5 ಸ್ಕ್ವೇರ್ ಎಂಎಂ ತಾಮ್ರದ್ದು, ಉದ್ದ 3 ಮೀಟರ್ ಆದರೆ ಅದರ ಪ್ರತಿರೋಧ ಸುಮಾರು 0.02 ಓಮ್. ಫುಲ್ ಲೋಡ್‌ನಲ್ಲಿ ಹತ್ತಿರ ಹತ್ತಿರ 0.9 ವೋಲ್ಟ್ ದಾರಿಯಲ್ಲೇ ಹೋಗುತ್ತೆ, 40 ವ್ಯಾಟ್‌ಗಿಂತ ಹೆಚ್ಚು ಶಾಖ ವೈರಲ್ಲೇ ಉಳಿಯುತ್ತೆ. ಅದೇ 0.02 ಓಮ್ ಮೂರು ಮೀಟರಿಗೆ ಹಂಚಿಹೋಗದೆ, ಹಸಿರು ಕಿಲುಬು ಹಿಡಿದ ಒಂದೇ ಲಗ್‌ನಲ್ಲಿ ಕೂತಿದ್ರೆ? ನಮ್ಮ ಲ್ಯಾಬಿನ 25 ವ್ಯಾಟ್ ಸೋಲ್ಡರಿಂಗ್ ಐರನ್ ಎಷ್ಟು ಬಿಸಿಯಾಗುತ್ತೆ ಅಂತ ಎಲ್ಲರಿಗೂ ಗೊತ್ತು. 10 ಸ್ಕ್ವೇರ್ ಎಂಎಂ ವೈರ್ ಎಳೆದರೆ ನಷ್ಟ ಕಾಲು ವೋಲ್ಟಿನೊಳಗೇ ಇರುತ್ತೆ.

"ಎಷ್ಟೋ ಗಾಡಿ ಹಾಗೇ ಓಡ್ತಿದಾವಲ್ಲ, ಏನಾಗಿದೆ?" ಅನ್ನೋ ಪ್ರಶ್ನೆ ಬರುತ್ತೆ. ಓಡ್ತಾವೆ, ನಿಜ. ಯಾಕಂದ್ರೆ ಹಗಲು ಹೊತ್ತು, ಬ್ಯಾಟರಿ ತುಂಬಿರುವಾಗ, ಗಾಡಿಗೆ ಬೇಕಾಗೋ ಕರೆಂಟೇ ಕಡಿಮೆ. ಆಲ್ಟರ್ನೇಟರ್ ಪೂರ್ತಿ ದುಡಿಯೋದು ಬ್ಯಾಟರಿ ಇಳಿದುಹೋಗಿ, ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್ ಎಲ್ಲಾ ಒಟ್ಟಿಗೆ ಹಾಕಿದಾಗ. ವೈರಿನ ಪರೀಕ್ಷೆ ನಡೆಯೋದೇ ಆಗ, ನಡುರಸ್ತೆಯಲ್ಲಿ, ಒಳಗೆ ಮನೆಯವರು ಕೂತಿರುವಾಗ. ಗ್ಯಾರೇಜಿನ ಮುಂದೆ ಒಂದು ರೌಂಡ್ ಹೊಡೆದು "ಓಕೆ" ಅನ್ನೋದು ಟೆಸ್ಟಿಂಗ್ ಆಗಲ್ಲ.

ಆದ್ದರಿಂದ ನಾವು ಕೇಳೋದು ಇಷ್ಟು. ಆಲ್ಟರ್ನೇಟರ್‌ನ ಬಿ ಪ್ಲಸ್‌ನಿಂದ ಬ್ಯಾಟರಿಗೆ ಹೊಸ ದಪ್ಪ ವೈರ್ ಬರಲಿ, ಅದಕ್ಕೆ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಸುರಿಯೋದು ಬ್ಯಾಟರಿಯೇ. ಹಳೇ ಕಟ್‌ಔಟ್-ರೆಗ್ಯುಲೇಟರ್ ಡಬ್ಬಿ ಸರ್ಕ್ಯೂಟಿನಿಂದ ಹೊರಗೆ ಹೋಗಬೇಕು. ಹೊಸ ಆಲ್ಟರ್ನೇಟರ್‌ಗಳಲ್ಲಿ ರೆಗ್ಯುಲೇಟರ್ ಸಾಮಾನ್ಯವಾಗಿ ಒಳಗೇ ಇರುತ್ತೆ. ಡ್ಯಾಶ್‌ಬೋರ್ಡಿನಲ್ಲಿ 30 ಆಂಪಿಯರ್ ಅಮ್ಮೀಟರ್ ಇದ್ದರೆ ಚಾರ್ಜಿಂಗ್ ಕರೆಂಟನ್ನು ಅದರ ಮೂಲಕ ಹಾಯಿಸಬೇಡಿ, ವೋಲ್ಟ್‌ಮೀಟರ್ ಹಾಕಿ. ಬ್ರಿಟಿಷ್ ಮೂಲದ ಹಳೇ ಕಾರುಗಳಲ್ಲಿ ಹಲವು ಪಾಸಿಟಿವ್ ಅರ್ಥ್‌ನವು. ಅದನ್ನ ನೋಡದೆ ಜೋಡಿಸಿದರೆ ಡಯೋಡುಗಳು ಕ್ಷಣದಲ್ಲಿ ಹೋಗ್ತವೆ.

ಚಾರ್ಜಿಂಗ್ ಲ್ಯಾಂಪನ್ನು ಅಲಂಕಾರಕ್ಕೆ ಇಟ್ಟದ್ದು ಅಂತ ಬಹಳ ಜನ ತಿಳಿದಿದ್ದಾರೆ. ಬಹುತೇಕ ಆಲ್ಟರ್ನೇಟರ್‌ಗಳಲ್ಲಿ ರೋಟರ್‌ಗೆ ಮೊದಲ ಕರೆಂಟ್ ಸಿಗೋದು ಆ ಪುಟ್ಟ ಬಲ್ಬಿನ ಮೂಲಕ. ಬಲ್ಬ್ ತೆಗೆದು ಬರೀ ಎಲ್‌ಇಡಿ ಹಾಕಿದರೆ ಚಾರ್ಜಿಂಗ್ ಶುರುವಾಗದೇ ಇರಬಹುದು. ಬಲ್ಬೇ ಬೇಡ ಅಂತ ನೇರ ಇಗ್ನಿಶನ್‌ಗೆ ಕೊಟ್ಟರೆ, ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದಿರಬಹುದು: ಆಲ್ಟರ್ನೇಟರೇ ಆ ವೈರಿನಿಂದ ಹಿಮ್ಮುಖವಾಗಿ ಕಾಯಿಲಿಗೆ ಕರೆಂಟ್ ಕೊಡ್ತಿರುತ್ತೆ.

ಎಲೆಕ್ಟ್ರಿಷಿಯನ್ ಅಣ್ಣಂದಿರ ಮೇಲೆ ತಪ್ಪು ಹೊರಿಸೋದು ಸುಲಭ. ಆದ್ರೆ ಅವರು ದಪ್ಪ ವೈರ್ ಬೇಕು ಅಂದಾಗ "ಯಾಕಣ್ಣ ಸುಮ್ನೆ ಖರ್ಚು" ಅನ್ನೋರು ನಾವೇ ಅಲ್ವಾ? ಆಲ್ಟರ್ನೇಟರ್‌ಗೆ ಸಾವಿರಗಟ್ಟಲೆ ಸುರಿದು ವೈರಿನಲ್ಲಿ ಉಳಿಸೋದು ಯಾವ ಲೆಕ್ಕ? ಎಕ್ಸಾಮಿನಲ್ಲಿ ತ್ರೀ ಫೇಸ್ ರೆಕ್ಟಿಫೈಯರ್ ಬರೆದು ಹತ್ತು ಮಾರ್ಕ್ಸ್ ತಗೊಳ್ತೀವಿ. ಅದೇ ರೆಕ್ಟಿಫೈಯರ್ ಬಾನೆಟ್ ಕೆಳಗೆ ಇರುವಾಗ ಅದರ ಔಟ್‌ಪುಟ್ ಎಲ್ಲಿಗೆ ಹೋಗುತ್ತೆ ಅಂತ ನೋಡೋ ಜವಾಬ್ದಾರಿ ನಮಗೆ ಇಲ್ಲವೇ?

ಕೆಲಸ ಮುಗಿದ ಮೇಲೆ ಎಲ್ಲಾ ಲೈಟ್ ಹಾಕಿ, ಎಂಜಿನ್ ಸ್ವಲ್ಪ ರೈಸ್ ಮಾಡಿ, ಬಿ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ಗೆ ಮಲ್ಟಿಮೀಟರ್ ಇಡಿ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೂ ಇಡಿ. ಎಲ್ಲೇ ಅರ್ಧ ವೋಲ್ಟ್ ಮೀರಿದರೂ ಗಾಡಿಯನ್ನ ಹೊರಗೆ ತೆಗೀಬೇಡಿ, ಆ ಜಾಯಿಂಟ್ ಹುಡುಕಿ. ಮೀಟರ್ ಇಲ್ಲ ಅನ್ನೋ ನೆಪ ನಮ್ಮ ಕ್ಯಾಂಪಸ್ಸಿನಲ್ಲಂತೂ ನಡೆಯಲ್ಲ.